ಇನ್ನೊಬ್ಬರ ತಪ್ಪು ಪದ ತಿದ್ದೋದು ಹೇಗೆ? ನಮ್ಮ ಓಣಿಯಲ್ಲಿ ಆದದ್ದು ಕೇಳಿ

ಉಣಕಲ್ ದಂಡೆ, ಹುಬ್ಬಳ್ಳಿ:

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ನಾಲ್ಕು ತಿಂಗಳಿಂದ ಮನಸ್ಸನ್ನು ಕೊರೀತಾ ಇದೆ. ಇಲ್ಲಿ ಕನ್ನಡದ ಬಗ್ಗೆ ಕಾಳಜಿ ಇರುವವರು ಜಾಸ್ತಿ, ಅದಕ್ಕೇ ಇಲ್ಲಿ ಕೇಳ್ತಿದ್ದೇನೆ.

ನಮ್ಮ ಓಣಿಗೆ ಒಂದು ವಾಟ್ಸಾಪ್ ಗುಂಪಿದೆ. 180 ಜನ ಇದ್ದೇವೆ. ಅದರಲ್ಲಿ ಆಟೋ ಓಡಿಸುವ ಒಬ್ಬರಿದ್ದಾರೆ, ಹೆಸರು ಬೇಡ. ನಳಕ್ಕೆ ನೀರು ಬಂದ ಸುದ್ದಿ ಗುಂಪಿಗೆ ಮೊದಲು ಮುಟ್ಟಿಸುತ್ತಿದ್ದವರು ಅವರೇ. ನಸುಕಿನ ನಾಲ್ಕಕ್ಕೆ ಬಂದರೂ "ನೀರ ಬಿಟ್ಟಾರ್ರಿ, ಏಳ್ರಿ" ಅಂತ ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದರು. ಏಳನೇ ಇಯತ್ತೆವರೆಗೆ ಓದಿದವರು.

ಅವರ ತಂದೆ ತೀರಿಕೊಂಡರು. ಮೂರನೇ ದಿನ ಗುಂಪಿನಲ್ಲಿ ಬರೆದರು: "ನಾಳೆ ಮುಂಜಾನೆ ಅಪ್ಪಾರ ಆಸ್ತಿ ವಿಸರ್ಜನೆಗೆ ಗೋಕರ್ಣಕ್ಕ ಹೊಂಟೀವಿ. ಬರಾವ್ರು ಆರಕ್ಕ ಮನಿ ಕಡೆ ಬರ್ರಿ."

ನಾನು ಒಂದು ನಿಮಿಷವೂ ತಡೆಯಲಿಲ್ಲ. "ಆಸ್ತಿ ಅಲ್ಲ, ಅಸ್ಥಿ. ಆಸ್ತಿ ಅಂದರೆ ಹೊಲ, ಮನೆ. ಅಸ್ಥಿ ಅಂದರೆ ಎಲುಬು" ಅಂತ ಎಲ್ಲರ ಮುಂದೆ ಬರೆದೆ. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಒಂಬತ್ತು ಜನ ಅದಕ್ಕೆ ಹೆಬ್ಬೆರಳು ಒತ್ತಿದರು. ಐದು ನಿಮಿಷದಲ್ಲಿ ಅವರು ತಮ್ಮ ಸಂದೇಶವನ್ನೇ ಅಳಿಸಿದರು. ಮರುದಿನ ಆರಕ್ಕೆ ನಾನು ಅವರ ಮನೆ ಕಡೆ ಹೋಗಲಿಲ್ಲ. ಹೋಗುವ ಮುಖ ಇರಲಿಲ್ಲ.

ಅವತ್ತಿನಿಂದ ಅವರು ಗುಂಪಿನಲ್ಲಿ ಒಂದು ಕನ್ನಡ ಅಕ್ಷರವನ್ನೂ ಬರೆದಿಲ್ಲ. ನೀರು ಬಂದರೆ ಈಗ ಧ್ವನಿ ಸಂದೇಶ ಬರುತ್ತದೆ. ಎರಡು ಸೆಕೆಂಡಿನದು.

ತಪ್ಪು ಕಂಡರೆ ಸುಮ್ನೆ ಬಿಟ್ಟುಬಿಡಬೇಕಾ? ಬಿಡೋದೂ ನನ್ನ ಕೈಲಿ ಆಗಲ್ಲ. ಕಚೇರಿಯಲ್ಲಿ ದಿನವಿಡೀ ಕನ್ನಡ ಸುತ್ತೋಲೆ ಬರೆಯುವವನು ನಾನು. ತಪ್ಪು ಪದ ಕಂಡರೆ ಕಣ್ಣಲ್ಲಿ ಕಸ ಬಿದ್ದಂತೆ ಆಗುತ್ತೆ. ನೀವೆಲ್ಲ ಹೇಗೆ ಮಾಡ್ತೀರಿ?


ಮುದ್ರಣ ಕಾಶಿ, ಗದಗ:

ಅಣ್ಣಾರ, ನಿಮ್ಮ ಬರಹ ಎರಡು ಸಲ ಓದಿದೆ. ನಾನು ಗದಗಿನ ಪ್ರೆಸ್ಸುಗಳಲ್ಲಿ 31 ವರ್ಷ ಕರಡು ತಿದ್ದಿದವನು. ನನಗೆ ತಿಳಿದದ್ದು ಹೇಳ್ತೀನಿ.

ಎಲ್ಲ ತಪ್ಪೂ ಒಂದೇ ತೂಕದ್ದಲ್ಲ. "ದನ್ಯವಾದ", "ಶುಬಾಶಯ" ಅಂತ ಯಾರಾದರೂ ಬರೆದರೆ ಓದುವವರಿಗೆ ವಿಷಯ ಮುಟ್ಟುತ್ತೆ. ಮಹಾಪ್ರಾಣ ಬಿಟ್ಟುಹೋಗಿದೆ, ಅಷ್ಟೇ. ಇನ್ನು ಕೆಲವು ಪದ ಇವೆ. ಒಂದು ಗೀಟು ತಪ್ಪಿದರೆ ಅರ್ಥವೇ ತಲೆಕೆಳಗಾಗುತ್ತೆ. ಅಂಥವನ್ನು ಬಿಡಬಾರದು.

ಒಂದು ಸಲ ಒಬ್ಬರು ತಂದೆಯ ದಿನಕಾರ್ಯ ಮುಗಿಸಿ, ಕಷ್ಟಕಾಲದಲ್ಲಿ ಜೊತೆಗಿದ್ದವರಿಗೆಲ್ಲ ಕಳಿಸಲು 500 ಕಾರ್ಡು ಅಚ್ಚಿಗೆ ಕೊಟ್ಟಿದ್ದರು. ಕರಡಿನಲ್ಲಿ ಇದ್ದದ್ದು, "ತಮಗೆಲ್ಲ ನಮ್ಮ ಕೃತಘ್ನತೆಗಳು." ಅವರು ಹೇಳಬೇಕೆಂದಿದ್ದು ಕೃತಜ್ಞತೆ. ಕೃತ ಅಂದರೆ ಮಾಡಿದ್ದು. ಜ್ಞ ಅಂದರೆ ತಿಳಿದವನು, ಘ್ನ ಅಂದರೆ ಕೊಂದವನು. ಮಾಡಿದ ಉಪಕಾರ ನೆನೆಯುವವನು ಕೃತಜ್ಞ, ಆ ಉಪಕಾರವನ್ನೇ ಕೊಂದುಹಾಕುವವನು ಕೃತಘ್ನ. ಜ್ಞ, ಘ್ನ ಎರಡೂ ಒತ್ತಕ್ಷರ. ಬಾಯಲ್ಲಿ ಎರಡೂ ಹತ್ತಿರ ಹತ್ತಿರ ಕೇಳಿಸುತ್ತವೆ. ಆ ಮನುಷ್ಯರು ಓದದವರೇನಲ್ಲ. ಕಿವಿಗೆ ಬಿದ್ದಂತೆ ಬರೆದಿದ್ದರು.

ರಾತ್ರಿ ಹನ್ನೊಂದಾಗಿತ್ತು. ಅಚ್ಚು ನಿಲ್ಲಿಸಿ, ಕರಡು ಹಾಳೆ ಹಿಡಿದು ಅವರ ಮನೆಗೇ ಹೋದೆ. ಒಳಗೆ ನೆಂಟರು ಕೂತಿದ್ದರು. ಅವರನ್ನು ಕಟ್ಟೆಗೆ ಕರೆದು, "ಇಲ್ಲೊಂದು ಅಕ್ಷರ ನಮ್ಮ ಕಡೆಯಿಂದ ಹೆಚ್ಚುಕಮ್ಮಿ ಆದಂಗ ಕಾಣ್ತದ, ಒಂದ್ಸಲ ನೋಡ್ರಿ" ಅಂದೆ. ಬೀದಿ ದೀಪದ ಬೆಳಕಿನಲ್ಲಿ ಅವರು ಅದನ್ನು ನೋಡಿದರು. ನನ್ನ ಕೈ ಹಿಡಿದುಕೊಂಡರು. ಅಷ್ಟೇ ನಡೆದದ್ದು. ಆಮೇಲೂ ಅವರ ಮನೆಯ ಎಲ್ಲ ಕಾರ್ಡು ನಮ್ಮಲ್ಲಿಗೇ ಬಂದವು.

ಪ್ರೆಸ್ಸಿನಲ್ಲಿ ಒಂದು ಪದ್ಧತಿ ಇತ್ತು. ತಪ್ಪಿನ ಮೇಲೆ ಸಣ್ಣ ಗೀಟು, ಸರಿ ರೂಪ ಅಂಚಿನಲ್ಲಿ. ಆ ಹಾಳೆ ಅಕ್ಷರ ಜೋಡಿಸುವ ಕಂಪಾಜಿಟರ್ ಕೈಗೆ ಮಾತ್ರ ಹೋಗುತ್ತಿತ್ತು. ಯಾರು ತಪ್ಪಿದರು ಅಂತ ಗೋಡೆಗೆ ಅಂಟಿಸುತ್ತಿರಲಿಲ್ಲ. ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ ಕಂಪಾಜಿಟರು ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಓದಬೇಕಿತ್ತು. ದ, ಧ, ಥ ಮೂರರ ಮೈಯೂ ಒಂದೇ ಥರ. ಸಣ್ಣದೊಂದು ಸೀಳು, ಸಣ್ಣದೊಂದು ಚುಕ್ಕೆ, ಅಷ್ಟರಲ್ಲೇ ಅರ್ಧ ಹೋಗಿ ಅರ್ಥ ಆಗಿಬಿಡುತ್ತೆ. ಅವರನ್ನು ನಾವು ಒಂದು ದಿನವೂ ಬೈದಿಲ್ಲ.


ಬೆಟಗೇರಿ ಮಗ್ಗ:

ಅರ್ಥ ತಲೆಕೆಳಗಾಗೋ ಪದ ಅಂದ್ರಲ್ಲ, ಒಂದು ರಸ್ತೆ ತಿರುವಿನ ಹಲಗೆಯಲ್ಲಿ ನಾನೇ ಕಣ್ಣಾರೆ ನೋಡಿದ್ದು: "ನಿಧನವಾಗಿ ಚಲಿಸಿ." ಒಂದು ದೀರ್ಘ ಬಿಟ್ಟಿದ್ದಕ್ಕೆ ಮೈ ಜುಮ್ ಅಂತು. ಆ ತಿರುವಿನಲ್ಲಿ ನಿಜವಾಗಿಯೂ ಅಪಘಾತ ಆಗುತ್ತವೆ.


ಏಲಕ್ಕಿ ಮಾಲೆ, ಹಾವೇರಿ:

ನನ್ನ ಅಭಿಪ್ರಾಯ ಬೇರೆ ಇದೆ. ನೇರವಾಗಿ ಹೇಳ್ತೀನಿ, ಬೇಸರ ಮಾಡ್ಕೋಬೇಡಿ.

ನಾನು ಫ್ಲೆಕ್ಸ್ ಬ್ಯಾನರ್ ಅಂಗಡಿ ಇಟ್ಟವನು. ಗಿರಾಕಿಗಳು ವಾಟ್ಸಾಪ್‌ನಲ್ಲಿ ಏನು ಕಳಿಸ್ತಾರೋ ಅದೇ ಹತ್ತು ಅಡಿ ಬ್ಯಾನರ್ ಆಗಿ ಸರ್ಕಲ್‌ನಲ್ಲಿ ನಿಲ್ಲುತ್ತೆ. ಅದರ ಕೆಳಗೆ ಸಾಲಿ ಹುಡುಗರು ಬಸ್ಸಿಗೆ ಕಾಯ್ತಾರೆ. ಅವರು ಓದೋದು ಅದನ್ನೇ. 2023ರ ಜನವರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಮ್ಮ ಊರಲ್ಲೇ ಆಯ್ತು. ಊರ ತುಂಬ ಸ್ವಾಗತದ ಬ್ಯಾನರ್. ಆಗ ರಾತ್ರಿಯೆಲ್ಲ ಎದ್ದು ನಾನೊಬ್ಬನೇ ಒಂದೊಂದು ಪದ ಬೆರಳಿಟ್ಟು ಓದಿದ್ದೇನೆ. "ಆದರದ ಸ್ವಾಗತ" ಅನ್ನೋದಕ್ಕೆ ಒಂದು ಹ ಸೇರಿದರೆ ಏನಾಗುತ್ತೆ ಅಂತ ನಿಮಗೆಲ್ಲ ಗೊತ್ತು. ಊರಿನ ಮರ್ಯಾದೆ ಪ್ರಶ್ನೆ ಅದು.

ಉಣಕಲ್ ಅಣ್ಣಾರು ತಿದ್ದಿದ್ದು ಸರಿ ಅಂತಲೇ ನನಗೆ ಅನ್ನಿಸುತ್ತೆ. ಒಬ್ಬರಿಗೆ ನೋವಾಗುತ್ತೆ ಅಂತ 180 ಜನರಿಗೆ ತಪ್ಪು ಕಲಿಸೋದಾ? ಇವತ್ತು ಒಬ್ಬರು ಆಸ್ತಿ ಅಂತ ಬರೀತಾರೆ. ನಾಳೆ ಇನ್ನೊಬ್ಬರ ಮನೆಯಲ್ಲಿ ಸಾವಾದಾಗ ಅದನ್ನೇ ನೋಡಿ ಬರೀತಾರೆ. ಹೀಗೇ ತಪ್ಪು ಬೇರು ಬಿಡೋದು. ಖಾಸಗಿಯಾಗಿ ಹೇಳಿದರೆ ಬರೆದವರೊಬ್ಬರಿಗೆ ಗೊತ್ತಾಗುತ್ತೆ, ಓದಿದವರಿಗೆ ಹೇಗೆ ಗೊತ್ತಾಗಬೇಕು?


ಉಣಕಲ್ ದಂಡೆ, ಹುಬ್ಬಳ್ಳಿ:

ಹಾವೇರಿ ಅಣ್ಣಾರ, ಆ ದಿನ ನಾನು ಯೋಚಿಸಿದ್ದೂ ಇದನ್ನೇ. ಓದುವ 180 ಜನರ ಬಗ್ಗೆ ಯೋಚಿಸಿದೆ. ತಂದೆ ಕಳ್ಕೊಂಡವರ ಬಗ್ಗೆ ಯೋಚಿಸಲಿಲ್ಲ.


ಕೀಲಿಮಣೆ, ಹುಬ್ಬಳ್ಳಿ:

ಮಧ್ಯದಲ್ಲಿ ಒಂದು ಬೇರೆ ಮಾತು. ಕಣ್ಣಿಗೇ ಕಾಣದ ಒಂದು ತಪ್ಪಿದೆ, ಅದರ ಬಗ್ಗೆ ಯಾರೂ ಮಾತಾಡಲ್ಲ.

ಬಹಳ ಜನ ಅನುಸ್ವಾರದ ಬದಲು ಕನ್ನಡ ಸೊನ್ನೆ ಒತ್ತುತ್ತಾರೆ. "ಬಂದ" ಬರೆಯೋ ಕಡೆ ಬ, ಸೊನ್ನೆ, ದ. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತೆ. ಅರ್ಕಾವತ್ತಿನ ಕತೆಯೂ ಇದೇ. "ಧರ್ಮ" ಬರೆಯುವಾಗ ಧ, ಮ, ಆಮೇಲೆ ಕನ್ನಡದ ಒಂಬತ್ತು. ಕಣ್ಣಿಗೆ ಏನೂ ತೊಂದರೆ ಇಲ್ಲ. ಆದರೆ ಫೋನು, ಕಂಪ್ಯೂಟರು ಅಕ್ಷರ ಗುರುತಿಸುವ ಯೂನಿಕೋಡ್ ಸಂಕೇತದಲ್ಲಿ ಸೊನ್ನೆ ಬೇರೆ, ಅನುಸ್ವಾರ ಬೇರೆ. ಒಂಬತ್ತು ಬೇರೆ, ರಕಾರ ಬೇರೆ. ನಾಳೆ ಆ ಪದವನ್ನು ಹುಡುಕಿದರೆ ಸಿಗೋದೇ ಇಲ್ಲ. ಓದಿ ಹೇಳುವ ತಂತ್ರಾಂಶ "ಬ ಸೊನ್ನೆ ದ" ಅಂತ ಓದಿಬಿಡಬಹುದು. ಕಣ್ಣು ಕಾಣದವರು ಅಂಥ ತಂತ್ರಾಂಶ ನಂಬಿಕೊಂಡೇ ನಮ್ಮ ಬರಹ ಕೇಳ್ತಾರೆ. ಅವರಿಗೆ ಇದು ದೊಡ್ಡ ತೊಡಕು.

ಇದನ್ನು ನಾನು ಗುಂಪಿನಲ್ಲಿ ತಿದ್ದಲ್ಲ. ಸಿಕ್ಕಾಗ ಫೋನ್ ಇಸ್ಕೊಂಡು ಅನುಸ್ವಾರದ ಗುಂಡಿ ಎಲ್ಲಿದೆ ತೋರಿಸ್ತೀನಿ. ಒಂದು ನಿಮಿಷದ ಕೆಲಸ. ಗುಂಡಿ ಸಿಗದೇ ಸೊನ್ನೆ ಒತ್ತಿರ್ತಾರೆ ಅಷ್ಟೇ.


ಸಪ್ತಾಪುರದ ಕನ್ನಡ ಶಿಕ್ಷಕಿ, ಧಾರವಾಡ:

ಹಾವೇರಿಯವರು ಕೇಳಿದ್ದು ಒಳ್ಳೆ ಪ್ರಶ್ನೆ. ಓದಿದವರಿಗೂ ಸರಿ ರೂಪ ಗೊತ್ತಾಗಬೇಕು, ಬರೆದವರಿಗೂ ನೋವಾಗಬಾರದು. ನಾನು 22 ವರ್ಷ ಪ್ರೌಢಶಾಲೆಯಲ್ಲಿ ಪಾಠ ಮಾಡಿದವಳು. ತರಗತಿಯಲ್ಲಿ ದಿನಾ ಎದುರಾಗುವ ಪ್ರಶ್ನೆ ಇದೇ.

ಎಂಟನೇ ತರಗತಿಯ ಹುಡುಗನೊಬ್ಬ ಪ್ರಬಂಧದಲ್ಲಿ ಬರೆದಿದ್ದ: "ನಮ್ಮ ಅನ್ನ ಸೈನ್ಯದಲ್ಲಿ ಇದ್ದಾನೆ." ಆ ವಾಕ್ಯ ಗಟ್ಟಿಯಾಗಿ ಓದಿದ್ದರೆ ಇಡೀ ತರಗತಿ ನಗುತ್ತಿತ್ತು. ಆ ಹುಡುಗ ಮತ್ತೆ ಅಣ್ಣನ ಬಗ್ಗೆ ಬರೆಯುತ್ತಿರಲಿಲ್ಲ. ನಾನು ಪುಸ್ತಕದ ಕೆಳಗೆ ಬರೆದೆ: "ನಿಮ್ಮ ಅಣ್ಣ ಯಾವ ಊರಲ್ಲಿ ಇದ್ದಾರೆ? ಅಣ್ಣ ರಜೆಗೆ ಯಾವಾಗ ಬರ್ತಾರೆ? ಅಣ್ಣನ ಪತ್ರ ಬಂದರೆ ನನಗೂ ತೋರಿಸು." ಮೂರು ಸಲ ಅಣ್ಣ ಬಂತು. ಎಲ್ಲೂ ತಪ್ಪು ಅನ್ನೋ ಪದ ಇರಲಿಲ್ಲ. ಮುಂದಿನ ವಾರ ಅವನು ಎರಡು ಪುಟ ಬರೆದ. ಅಣ್ಣ ಅಂತಲೇ ಬರೆದಿದ್ದ. ಒಂದು ಕಡೆ ಅನ್ನ ಅಂತ ಬರೆದು ತಾನೇ ಹೊಡೆದು ಹಾಕಿದ್ದ.

ಉಣಕಲ್ ಸರ, ಆ ಸಂದೇಶದ ಕೆಳಗೆ "ಅಸ್ಥಿ ವಿಸರ್ಜನೆಗೆ ನಾನೂ ಬರ್ತೀನಿ, ಆರಕ್ಕೆ ಮನೆ ಹತ್ತಿರ ಇರ್ತೀನಿ" ಅಂತ ನೀವು ಬರೆದಿದ್ದರೆ? 180 ಜನರೂ ಅಸ್ಥಿ ಅನ್ನೋ ಪದ ನೋಡುತ್ತಿದ್ದರು. ಅವರೂ ನೋಡುತ್ತಿದ್ದರು. ಉತ್ತರ ಕೊಡುವಾಗಲೇ ಸರಿ ಪದ ಬಳಸೋದು. ನಾನು ಮಾಡೋದು ಇಷ್ಟೇ.

ಆದರೆ ಕೆಲವು ಪದಗಳಿಗೆ ಇದು ಸಾಲಲ್ಲ, ಕಾರಣ ಹೇಳಬೇಕು. ಕಾರಣ ತಿಳಿದರೆ ಒಂದು ಪದದ ಜೊತೆ ಹತ್ತು ಪದ ಸರಿಯಾಗುತ್ತವೆ. ಉದಾಹರಣೆಗೆ, ನನ್ನ ಮಕ್ಕಳು "ಕೋಟ್ಯಾಂತರ" ಅಂತಲೇ ಬರೆಯುತ್ತಿದ್ದರು. ದೊಡ್ಡವರೂ ಹಾಗೇ ಬರೀತಾರೆ. ಯಾಕೆ ಅಂತ ಯೋಚಿಸಿದಾಗ ಹೊಳೀತು. "ಲಕ್ಷಾಂತರ" ಸರಿ ಇದೆ. ಅದನ್ನು ನೋಡಿಯೇ ಕೋಟ್ಯಾಂತರ ಮಾಡಿಕೊಂಡಿದ್ದಾರೆ. ಲಕ್ಷ ಅಕಾರದಲ್ಲಿ ಮುಗಿಯುತ್ತೆ. ಅಂತರದ ಅಕಾರ ಬಂದು ಕೂಡಿದರೆ ಎರಡು ಅ ಸೇರಿ ದೀರ್ಘ ಆಗುತ್ತೆ. ಕೋಟಿ ಇಕಾರದಲ್ಲಿ ಮುಗಿಯುತ್ತೆ. ಆ ಇಕಾರ ಯಕಾರವಾಗಿ ಮುಂದಿನ ಅ ಜೊತೆ ಕೂಡುತ್ತೆ. ಅಲ್ಲಿ ದೀರ್ಘ ಬರಲು ದಾರಿಯೇ ಇಲ್ಲ. ಹಾಗಾಗಿ ಕೋಟ್ಯಂತರ. ಜಾತ್ಯತೀತ, ಕೋಟ್ಯಧೀಶ ಎರಡೂ ಹೀಗೇ. ಇದನ್ನು ಕರಿಹಲಗೆ ಮೇಲೆ ಬಿಡಿಸಿ ತೋರಿಸಿದ ಮೇಲೆ ಮಕ್ಕಳು ಪೇಪರ್‌ನಲ್ಲಿ "ಜಾತ್ಯಾತೀತ" ಕಂಡರೆ ಕತ್ತರಿಸಿ ತಂದು ಕೊಡೋಕೆ ಶುರು ಮಾಡಿದರು.

ತಪ್ಪು ಮಾಡಿದವರಿಗೂ ಒಂದು ಲೆಕ್ಕ ಇರುತ್ತೆ. ನಾನು ಮೊದಲು ಆ ಲೆಕ್ಕ ಏನು ಅಂತ ಹುಡುಕ್ತೀನಿ.


ಬ್ಯಾಡಗಿ ಘಾಟು:

ಮೇಡಂ, ಇನ್ನೊಂದು ಸಂಕಟ ಇದೆ. ತಿದ್ದೋರೇ ತಪ್ಪಿದರೆ? ನಾನು ಒಂದು ಕಡೆ "ನಮ್ಮ ಅಜ್ಜಿ ಹೇಳಿದ ಕತೆ" ಅಂತ ಬರೆದೆ. ಒಬ್ಬರು ಬಂದು "ಕತೆ ಅಲ್ಲ, ಕಥೆ. ಮೊದಲು ಕನ್ನಡ ಕಲೀರಿ" ಅಂದರು. ಎದೆಗೆ ನಾಟಿತು ಆ ಮಾತು. ಆಮೇಲೆ ನಿಘಂಟು ನೋಡಿದರೆ ಎರಡೂ ಇದೆ.


ಸಪ್ತಾಪುರದ ಕನ್ನಡ ಶಿಕ್ಷಕಿ, ಧಾರವಾಡ:

ಎರಡೂ ಸರಿ ಬ್ಯಾಡಗಿಯವರೇ. ಕಥೆ ಸಂಸ್ಕೃತದಿಂದ ಬಂದದ್ದು. ಅದನ್ನೇ ಕನ್ನಡದ ನಾಲಿಗೆ ತನಗೆ ಬೇಕಾದಂತೆ ಕತೆ ಮಾಡಿಕೊಂಡಿತು. ಧ್ವನಿ ದನಿ ಆಯ್ತು. ನಿದ್ರೆ ನಿದ್ದೆ ಆಯ್ತು, ವರ್ಣ ಬಣ್ಣ ಆಯ್ತು. ಪರ್ವ ಹಬ್ಬ ಆಯ್ತು, ಅದನ್ನಂತೂ ಈಗ ಯಾರೂ ಗುರುತು ಹಿಡಿಯಲ್ಲ. ಹಬ್ಬ ತಪ್ಪು ಅಂತ ಯಾರಾದರೂ ಹೇಳ್ತಾರಾ? ಕತೆಯೂ ಹಾಗೇ.

ಮಹಾಪ್ರಾಣ ಬಿಟ್ಟರೆ ಎಲ್ಲಿ ನಗ್ತಾರೋ ಅಂತ ಹೆದರಿ ಬೇಡದ ಕಡೆ ಸೇರಿಸುವವರೂ ಇದ್ದಾರೆ. "ಭಾಗಿಲು", "ಧೊಡ್ಡ", "ಭೇಕು". ಇದು ತಿದ್ದುವವರ ಭಯದಿಂದ ಹುಟ್ಟಿದ ತಪ್ಪು. ಅಚ್ಚಗನ್ನಡ ಪದಗಳಲ್ಲಿ ಬಹುಪಾಲು ಮಹಾಪ್ರಾಣ ಇರಲ್ಲ. ಬಾಗಿಲು, ಬೇಕು, ದೊಡ್ಡ, ಗುಡ್ಡ, ಕಾಡು. ಹಾಗಂತ ದನ ಅಂತ ಬರೆಯೋ ಕಡೆ ಧನ ಬರೆದರೆ ಕೊಟ್ಟಿಗೆಯಲ್ಲಿ ಇದ್ದದ್ದು ತಿಜೋರಿಗೆ ಹೋಗುತ್ತೆ. ಅದನ್ನು ಹೇಳಿಕೊಡಲೇಬೇಕು.


ಮಂಡ್ಯದಿಂದ ಬಂದವ, ಈಗ ಧಾರವಾಡ:

ನಾನೂ ಒಂದು ಮಾತು ಹೇಳಬೇಕು. ಧಾರವಾಡಕ್ಕೆ ಬಂದು 9 ವರ್ಷ ಆಯ್ತು. ನಮ್ಮ ಕಡೆ ಆಡುಮಾತಿನಲ್ಲಿ ಹ ಬಿಟ್ಟುಹೋಗುತ್ತೆ. ಹಕ್ಕಿಗೆ ಅಕ್ಕಿ ಅಂತೀವಿ, ಹೋಯ್ತು ಅನ್ನೋಕೆ ಓಯ್ತು ಅಂತೀವಿ. ಅಪ್ಪ, ಅಜ್ಜ ಎಲ್ಲ ಹಾಗೇ ಮಾತಾಡಿದ್ದು. ಇಲ್ಲಿನವರ ಬಾಯಲ್ಲಿ ಹ ಗಟ್ಟಿ ಇದೆ. ಬಂದ ಹೊಸತರಲ್ಲಿ ಕೆಲಸದ ಜಾಗದಲ್ಲಿ ನಾನು ಬಾಯಿ ತೆಗೆದರೆ ಒಂದಿಬ್ಬರು ಹ ಹ ಅಂತ ಅಣಕಿಸುತ್ತಿದ್ದರು. ಸಭೆಯಲ್ಲಿ ಮಾತಾಡೋದನ್ನೇ ಬಿಟ್ಟಿದ್ದೆ. ಉಣಕಲ್‌ನವರ ಓಣಿಯ ಆ ಆಟೋದವರು ಯಾಕೆ ಬರೆಯೋದು ಬಿಟ್ಟರು ಅಂತ ನನಗೆ ಚೆನ್ನಾಗಿ ಅರ್ಥ ಆಗುತ್ತೆ.

ನಾನೂ ಅದನ್ನೇ ಇನ್ನೊಬ್ಬರಿಗೆ ಮಾಡಿದ್ದೇನೆ, ಅದನ್ನೂ ಹೇಳಬೇಕು. ಇಲ್ಲಿನವರು ಮನಿ, ಸಾಲಿ, ಎಣ್ಣಿ, ಬ್ಯಾಡ ಅಂತ ಬರೆದಾಗ "ಮನೆ, ಶಾಲೆ, ಎಣ್ಣೆ, ಬೇಡ" ಅಂತ ತಿದ್ದುತ್ತಿದ್ದೆ. ನಮ್ಮ ಮನೆ ಮಾಲೀಕರ ತಾಯಿ ಒಂದು ದಿನ ಸಮಾಧಾನದಿಂದ ಹೇಳಿದರು, "ತಮ್ಮಾ, ಮನಿ ಅಂದ್ರ ನಿನಗ ತಿಳೀತಿಲ್ಲೋ? ತಿಳಿದ ಮ್ಯಾಲ ತಿದ್ದೂದು ಏನೈತಿ?" ಅವತ್ತೇ ಬಿಟ್ಟೆ.

ಅರ್ಥ ಬೇರೆ ಆಗುವ ಪದಗಳನ್ನೂ ಅವರಿಂದಲೇ ಕಲಿತೆ. ನಾನು ಬೆಳಿಗ್ಗೆ ಎದುರು ಸಿಕ್ಕವರಿಗೆಲ್ಲ "ತಿಂಡಿ ಆಯ್ತಾ?" ಅಂತಿದ್ದೆ. ಇಲ್ಲಿ ತಿಂಡಿ ಅಂದರೆ ತುರಿಕೆ. ಜಗಳಕ್ಕೆ ಕರೆಯೋವಾಗಲೂ ಅದೇ ಪದ. ಅವರು ಒಳಗೆ ಕರೆದು, ಚಹಾ ಕೊಟ್ಟು, "ಇಲ್ಲಿ ನಾಷ್ಟಾ ಆತೇನು ಅಂತ ಕೇಳಪಾ" ಅಂತ ಹೇಳಿಕೊಟ್ಟರು. ಬೀದಿಯಲ್ಲಿ ನಾಲ್ಕು ಜನರ ಮುಂದೆ ಹೇಳಲಿಲ್ಲ. ಆ ಅಜ್ಜಿ ಈಗಿಲ್ಲ. ಇವತ್ತಿಗೂ ನಾಷ್ಟಾ ಅನ್ನುವಾಗ ಅವರ ನೆನಪಾಗುತ್ತೆ.


ಪುಲಿಗೆರೆ, ಲಕ್ಷ್ಮೇಶ್ವರ:

ಮಂಡ್ಯದವರು ಬರೆದದ್ದು ಓದಿ ನನಗೂ ಬರೆಯಬೇಕು ಅನ್ನಿಸಿತು. ನಮ್ಮ ಲಕ್ಷ್ಮೇಶ್ವರದ ಹಳೆ ಹೆಸರು ಪುಲಿಗೆರೆ. 9ನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಇರುವ ಊರುಗಳು ಅಂತ ಕಿಸುವೊಳಲು, ಕೊಪಣ, ಒಂಕುಂದದ ಜೊತೆ ಪುಲಿಗೆರೆಯನ್ನೂ ಹೆಸರಿಸುತ್ತೆ. ಹೀಗಾಗಿ ನಮ್ಮೂರಿನವರಿಗೆ ನಮ್ಮದೇ ಅಪ್ಪಟ ಕನ್ನಡ ಅನ್ನೋ ಹೆಮ್ಮೆ ಚೂರು ಜಾಸ್ತಿ.

ಆದರೆ ಅದೇ ಗ್ರಂಥದಲ್ಲಿ ಇನ್ನೊಂದು ಮಾತಿದೆ. ಕನ್ನಡಗಳಲ್ಲಿ ದೋಷ ಇಷ್ಟೇ ಅಂತ ಲೆಕ್ಕ ಹಾಕೋಕೆ ಹೊರಟರೆ ಸರ್ಪರಾಜ ವಾಸುಕಿಗೂ ಸಾಧ್ಯವಾಗದೆ ಬೇಸರ ಬರುತ್ತೆ, ಯಾಕೆಂದರೆ ದೇಸಿ, ಅಂದರೆ ಆಯಾ ಸೀಮೆಯ ಮಾತು, ಬೇರೆ ಬೇರೆ ಇದೆ ಅಂತ. ಕನ್ನಡ ಅಲ್ಲ, ಕನ್ನಡಗಳು ಅಂತಲೇ ಅಲ್ಲಿರೋದು. ಹನ್ನೊಂದು ನೂರು ವರ್ಷಗಳಿಗೂ ಹಿಂದೆ ಕೂತು ಬರೆದ ಮಾತು ಇದು!

ಕಿಟೆಲ್ ಅವರನ್ನೂ ನೆನೆಯಬೇಕು. ಜರ್ಮನಿಯಿಂದ ಬಂದು ಧಾರವಾಡ, ಹುಬ್ಬಳ್ಳಿ ಸೀಮೆಯಲ್ಲೂ ಓಡಾಡಿ ಪದ ಕೂಡಿಸಿದವರು. 1894ರಲ್ಲಿ ಬಂದ ಅವರ ನಿಘಂಟಿನಲ್ಲಿ ನಮ್ಮ ಕಡೆಯ ಬಳಕೆಗೆ ಒಂದು ಗುರುತು, ಮೈಸೂರು ಕಡೆಯದಕ್ಕೆ ಇನ್ನೊಂದು ಗುರುತು ಇದೆ. ಯಾವುದನ್ನೂ ತಪ್ಪು ಅಂತ ಹೊರಗೆ ಹಾಕಲಿಲ್ಲ. ಎಲ್ಲಿ ಬಳಸ್ತಾರೆ ಅಂತ ಬರೆದುಕೊಂಡರು. ಧಾರವಾಡದ ಆಡುಮಾತಲ್ಲೇ ಕಾವ್ಯ ಕಟ್ಟಿದ ಬೇಂದ್ರೆ ಅಜ್ಜ 1973ರ ಜ್ಞಾನಪೀಠ ಪಡೆದರು. ಆ ಮಾತನ್ನು ಯಾರಾದರೂ ಗ್ರಂಥಭಾಷೆಗೆ ತಿದ್ದಿದ್ದರೆ ಏನು ಉಳಿಯುತ್ತಿತ್ತು?

ಇನ್ನೂ ಒಂದು. ಹಳಗನ್ನಡದಲ್ಲಿ ಈಗ ಇಲ್ಲದ ಎರಡು ಅಕ್ಷರ ಇದ್ದವು, ಱ ಮತ್ತು ೞ. ಯಾವ ಪದದಲ್ಲಿ ಳ, ಯಾವುದರಲ್ಲಿ ೞ ಅಂತ ಜನರಿಗೆ ಗೊಂದಲ ಆಗುತ್ತಿತ್ತು. 13ನೇ ಶತಮಾನದಲ್ಲಿ ಕೇಶಿರಾಜ ತನ್ನ ವ್ಯಾಕರಣದಲ್ಲಿ ೞ ಬರುವ ಪದಗಳನ್ನು ಪಟ್ಟಿ ಮಾಡಿದ. ಇಷ್ಟಾದರೂ ಆ ಅಕ್ಷರ ಉಳಿಯಲಿಲ್ಲ. ಮೞೆಯನ್ನು ಇವತ್ತು ಮಳೆ ಅಂತ ಬರೆಯುವ ನಾವೆಲ್ಲ ಅವನ ಕಣ್ಣಲ್ಲಿ ತಪ್ಪಿದವರೇ. ನಮಗೆ ಮಳೆಯಲ್ಲಿ ಏನೂ ತಪ್ಪು ಕಾಣಲ್ಲ, ಅಲ್ವಾ?

ಹಾಗಂತ ಯಾರೂ ಏನೂ ಹೇಳಬಾರದು ಅಂತಲ್ಲ. ಪದಗಳ ಬಗ್ಗೆ ಪ್ರೀತಿಯಿಂದ ಹೇಳಿದ ದೊಡ್ಡವರು ನಮ್ಮಲ್ಲೇ ಇದ್ದರು. ಹುಬ್ಬಳ್ಳಿಯ ಕಸ್ತೂರಿ ಮಾಸಪತ್ರಿಕೆಯ ಪಾ.ವೆಂ. ಆಚಾರ್ಯರು ಪದದ ಹುಟ್ಟನ್ನು ಅಕ್ಕರೆಯಿಂದ ಬಿಡಿಸಿ ಹೇಳುತ್ತಿದ್ದರು. ಜಿ. ವೆಂಕಟಸುಬ್ಬಯ್ಯನವರು ವರ್ಷಗಟ್ಟಲೆ ಪತ್ರಿಕೆ ಓದುಗರ ಪದದ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಜನರೇ ಕೇಳಿ ಬರೆಯುತ್ತಿದ್ದರು. ಕೇಳಿದರೆ ಬೈಯಲ್ಲ ಅನ್ನೋ ನಂಬಿಕೆ ಇದ್ದದ್ದಕ್ಕೆ ಕೇಳುತ್ತಿದ್ದರು.


ಏಲಕ್ಕಿ ಮಾಲೆ, ಹಾವೇರಿ:

ಮೇಡಂ ಹೇಳಿದ ಹಾದಿ ನನಗೆ ಒಪ್ಪಿಗೆ ಆಯ್ತು. ಉತ್ತರದಲ್ಲೇ ಸರಿ ಪದ ಬಳಸೋದು. ನನಗೆ ಇದು ಹೊಳೆದಿರಲಿಲ್ಲ. ಗುಂಪುಗಳಲ್ಲಿ ಇನ್ನು ಮುಂದೆ ಹಾಗೇ ಮಾಡ್ತೀನಿ.

ಆಡುಮಾತಿನ ವಿಷಯದಲ್ಲಿ ನಮ್ಮ ನಡುವೆ ಜಗಳವೇ ಇಲ್ಲ. ಮನಿ, ಸಾಲಿ ನಾನೂ ತಿದ್ದಲ್ಲ. ಮೇಲೆ ಸಾಲಿ ಹುಡುಗರು ಅಂತ ನಾನೇ ಬರೆದಿದ್ದೇನೆ ನೋಡಿ.

ಬ್ಯಾನರ್ ವಿಷಯದಲ್ಲಿ ಮಾತ್ರ ನನ್ನ ಹಟ ಬಿಡಲ್ಲ. ಹತ್ತು ಅಡಿ ತಪ್ಪು ಸರ್ಕಲ್‌ನಲ್ಲಿ ನಿಲ್ಲೋ ಮೊದಲೇ ತಡೀಬೇಕು. ಗಿರಾಕಿ "ಇದ್ದಂಗ ಹಾಕು" ಅಂತ ಗದರಿದರೂ ನಾನು ಎರಡು ಮಾದರಿ ತೆಗೆದು ಪರದೆ ಮೇಲೆ ಪಕ್ಕಪಕ್ಕ ಇಡ್ತೀನಿ. "ಯಾವುದು ಚಂದ ಕಾಣ್ತದ ನೋಡ್ರಿ" ಅಂತೀನಿ. ಯಾವಾಗಲೂ ಸರಿ ಇರೋದನ್ನೇ ಆರಿಸ್ತಾರೆ ಅಂತಲ್ಲ. ಆರಿಸದಿದ್ದರೆ ಆವಾಗ ಬಾಯಿ ಬಿಟ್ಟು ಹೇಳ್ತೀನಿ. ಒಂದೆರಡು ಗಿರಾಕಿ ಕಳ್ಕೊಂಡಿದ್ದೇನೆ, ಪರವಾಗಿಲ್ಲ.


ಉಣಕಲ್ ದಂಡೆ, ಹುಬ್ಬಳ್ಳಿ:

ಎಲ್ಲರ ಮಾತೂ ಓದಿದೆ. ಮೇಡಂ ಬರೆದ ಆ ಒಂದು ಸಾಲು, "ಅಸ್ಥಿ ವಿಸರ್ಜನೆಗೆ ನಾನೂ ಬರ್ತೀನಿ", ಅದನ್ನು ಓದಿದ ಮೇಲೆ ಮನೆಯಲ್ಲಿ ಕೂರೋಕೆ ಆಗಲಿಲ್ಲ. ರವಿವಾರ ಸಂಜೆ ಅವರ ಮನೆಗೆ ಹೋದೆ.

ಅವರು ಆಟೋ ತೊಳೀತಾ ಇದ್ದರು. ನನ್ನ ನೋಡಿ ಬಕೀಟು ಕೆಳಗಿಟ್ಟರು. "ಅಣ್ಣಾರ, ಆ ದಿನ ನಾನು ಹಂಗ ಬರೀಬಾರದಾಗಿತ್ತು. ಗೋಕರ್ಣಕ್ಕೂ ಬರಲಿಲ್ಲ. ತಪ್ಪಾತು" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಬರಿಯುವಾಗ ಕಣ್ಣಾಗ ನೀರಿತ್ತುರಿ. ಎರಡು ಅಕ್ಷರ ಒತ್ತಿದ ಕೂಡಲೇ ಫೋನೇ ಪದ ತೋರಸ್ತು, ಅದನ್ನ ಮುಟ್ಟಿಬಿಟ್ಟೆ. ಏನ್ ಬಂತು ಅಂತ ನೋಡಲಿಲ್ಲ. ಅಪ್ಪ ಇದ್ದಾಗ ದಿನಾ ಪೇಪರ್ ಓದಿ ಹೇಳ್ತಿದ್ದೆ ನಾ, ಆಸ್ತಿ ಯಾವುದು ಅಸ್ಥಿ ಯಾವುದು ನನಗೂ ಗೊತ್ತೈತಿ. ಆದ್ರ ನೀವು ಬರದಿದ್ದು ನೋಡಿದ ಮ್ಯಾಲ ಬರೀಲಿಕ್ಕೆ ಕೈನ ಹೋಗವಲ್ದು."

ನಾನು ಅಂದುಕೊಂಡದ್ದೇ ಬೇರೆ. ಏಳನೇ ಇಯತ್ತೆ ಓದಿದವರು, ಗೊತ್ತಿಲ್ಲದೆ ಬರೆದಿದ್ದಾರೆ ಅಂದುಕೊಂಡಿದ್ದೆ. ಆ ಪದ ಅವರಿಗೆ ಗೊತ್ತಿತ್ತು. ತಂದೆಗೆ ದಿನಾ ಪೇಪರ್ ಓದಿ ಹೇಳುತ್ತಿದ್ದ ಮನುಷ್ಯರಿಗೆ ನಾನು ಅಕ್ಷರ ಕಲಿಸೋಕೆ ಹೋಗಿದ್ದೆ.

ಒಳಗೆ ಕರೆದರು. ಅವರ ತಂದೆಯ ಫೋಟೋ ನೋಡಿದೆ. ಚಹಾ ಕುಡಿದೆವು. ಗುಂಪಿನಲ್ಲಿ ಬರೆಯಿರಿ ಅಂತ ನಾನು ಕೇಳಲಿಲ್ಲ, ಕೇಳುವ ಹಕ್ಕು ನನಗಿಲ್ಲ. ನಿನ್ನೆ ನಸುಕಿನಲ್ಲಿ ನೀರು ಬಂತು. ಧ್ವನಿ ಸಂದೇಶವೇ ಬಂತು. ಆದರೆ ಈ ಸಲ ಉದ್ದ ಇತ್ತು: "ನೀರ ಬಿಟ್ಟಾರ್ರಿ, ಇವತ್ತ ಸಣ್ಣಗ ಬರಾಕತ್ತೈತಿ, ಮೊದಲ ಕುಡಿಯೂದು ತುಂಬ್ರಿ." "ತುಂಬಿಸಿಕೊಂಡೆ ಅಣ್ಣಾರ" ಅಂತ ಕೆಳಗೆ ಬರೆದೆ.


ಬೆಟಗೇರಿ ಮಗ್ಗ:

ಹೋಗಿ ಬಂದದ್ದು ಬಹಳ ಚಲೋ ಆಯ್ತು ಸರ.


ಹೊಸ ಮನಿ, ರಾಣೆಬೆನ್ನೂರು:

ಇಷ್ಟು ದಿನ ಬರೀ ಓದ್ತಿದ್ದೆ. ಇಲ್ಲಿ ಯಾರೂ ನಗಲ್ಲ ಅಂತ ಗೊತ್ತಾಯ್ತು, ಅದಕ್ಕೆ ಕೇಳ್ತಿದ್ದೇನೆ. ನಮ್ಮ ಹೊಸ ಮನಿ ಕಾರ್ಡು ನಾಳೆ ಅಚ್ಚಿಗೆ ಕೊಡಬೇಕು. ನಾನೇ ಬರೆದಿದ್ದು. ಒಂದು ಸಲ ನೋಡಿ ಹೇಳ್ತೀರಾ?

"ನಮ್ಮ ನೂತನ ಗ್ರಹಪ್ರವೇಶ ಸಮಾರಂಭಕ್ಕೆ ತಾವು ಬಂದು ಭಾಂದವರೊಂದಿಗೆ ಆಗಮಿಸಿ, ಸ್ನೇಹ ಬೋಜನ ಸ್ವೀಕರಿಸಬೇಕಾಗಿ ವಿನಂತಿ. ಆಗಮನಾಭಿಲಾಶಿಗಳು: ಮನೆಯವರೆಲ್ಲರೂ."


ಮುದ್ರಣ ಕಾಶಿ, ಗದಗ:

ಅಕ್ಕಾರ, ಹೊಸ ಮನೆಗೆ ಶುಭಾಶಯ. ನೀವೇ ಕೇಳಿದ್ದೀರಿ, ಹಾಗಾಗಿ ನೇರವಾಗಿ ಹೇಳ್ತೀನಿ.

ಮನೆಗೆ ಗೃಹ. ಗ್ರಹ ಅಂದರೆ ಶನಿ, ಗುರು ಇದ್ದಾರಲ್ಲ ಅವು. ಗಕಾರದ ಪಕ್ಕ ಋಕಾರದ ಸುಳಿ ಬರಬೇಕು. ಹೊಸದು ಮನೆ ಅಲ್ವಾ, ಹಾಗಾಗಿ "ನೂತನ ಗೃಹದ ಪ್ರವೇಶ ಸಮಾರಂಭ" ಅಂತ ಮಾಡಿದರೆ ಇನ್ನೂ ಚಂದ. "ಬಂದು" ಅಂದರೆ ಬರುವ ಕ್ರಿಯೆ. ನೆಂಟರು ಬಂಧು, ಅದಕ್ಕೆ ಧಕಾರ. ಬಾಂಧವ ಹುಟ್ಟಿದ್ದು ಬಂಧು ಪದದಿಂದಲೇ. ಅಲ್ಲೂ ಮೊದಲು ಬ, ಆಮೇಲೆ ಧ. ನೀವು ಮಹಾಪ್ರಾಣ ಕೊಟ್ಟಿದ್ದೀರಿ, ಅಕ್ಷರ ಅದಲುಬದಲಾಗಿದೆ ಅಷ್ಟೇ. ಭೋಜನಕ್ಕೆ ಭ. ಅಭಿಲಾಷೆಗೆ ಷ, ಹಾಗಾಗಿ ಆಗಮನಾಭಿಲಾಷಿಗಳು.

ಈಗ ಹೀಗೆ ಕೊಡಿ: "ನಮ್ಮ ನೂತನ ಗೃಹದ ಪ್ರವೇಶ ಸಮಾರಂಭಕ್ಕೆ ತಾವು ಬಂಧು ಬಾಂಧವರೊಂದಿಗೆ ಆಗಮಿಸಿ, ಸ್ನೇಹ ಭೋಜನ ಸ್ವೀಕರಿಸಬೇಕಾಗಿ ವಿನಂತಿ. ಆಗಮನಾಭಿಲಾಷಿಗಳು: ಮನೆಯವರೆಲ್ಲರೂ."

ಒಂದು ಎಚ್ಚರಿಕೆ. ಪ್ರೆಸ್ಸಿನವರು ಇದನ್ನು ತಮ್ಮ ಹಳೆ ಫಾಂಟ್‌ಗೆ ಬದಲಾಯಿಸಿಕೊಳ್ಳುವಾಗ ಒತ್ತಕ್ಷರ, ಅರ್ಕಾವತ್ತು ಕೆಲವು ಸಲ ಜಾಗ ತಪ್ಪುತ್ತವೆ. ಕರಡು ಕಾಗದದ ಮೇಲೆ ತೆಗೆಸಿ ಓದಿ, ಫೋನಿನ ಪರದೆಯಲ್ಲಿ ನೋಡಿ ಒಪ್ಪಬೇಡಿ. ನಾಳೆ ಹತ್ತು ಗಂಟೆ ಒಳಗೆ ಕರಡಿನ ಫೋಟೋ ಇಲ್ಲಿ ಹಾಕಿದರೆ ನಾನೂ ಒಮ್ಮೆ ನೋಡ್ತೀನಿ.